ಹಳೆಯ ಲ್ಯಾಪ್‌ಟಾಪ್, ಹಳೆಯ ಮೊಬೈಲ್‌ಗೆ ಲಿನಕ್ಸ್: ನಂಬಿಕೆ ಎಷ್ಟು, ನಿಜ ಎಷ್ಟು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಧಿಕೃತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಅದಿಲ್ಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಚೆನ್ನಾಗಿ ಓಡುತ್ತಿದ್ದರೂ ಗುಜರಿಯ ದಾರಿ ಹಿಡಿದಿವೆ. ಇವಕ್ಕೆ ಲಿನಕ್ಸ್ ಹಾಕಿ ಬಳಸಬಹುದೇ? ಹವ್ಯಾಸಕ್ಕೆಂದು ಹಳೆಯ ಯಂತ್ರಗಳಲ್ಲಿ ಹಲವು ತಂತ್ರಾಂಶಗಳನ್ನು ಹಾಕಿ ನೋಡಿದ ನಮಗೆ ಹೆಚ್ಚಾಗಿ ಎದುರಾಗುವ ಐದು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ನಂಬಿಕೆ 1: ಲಿನಕ್ಸ್ ಪ್ರೋಗ್ರಾಮರ್‌ಗಳಿಗೆ ಮಾತ್ರ

ನಿಜವಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದದ್ದು ಕರ್ನೆಲ್ ಅನ್ನು, ಅಂದರೆ ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡಿಸುವ ತಿರುಳನ್ನು. ಅದರ ಸುತ್ತ ಮೆನು, ಕಿಟಕಿ, ಬ್ರೌಸರ್ ಎಲ್ಲವನ್ನೂ ಜೋಡಿಸಿ ಉಬುಂಟು, ಮಿಂಟ್, ಡೆಬಿಯನ್ ಮುಂತಾದ ಹಂಚಿಕೆಗಳನ್ನು ಕೊಡುತ್ತಾರೆ. ಫೈರ್‌ಫಾಕ್ಸ್, ವಿಎಲ್‌ಸಿ, ಲಿಬ್ರೆಆಫೀಸ್ ಇವುಗಳಲ್ಲಿ ವಿಂಡೋಸ್‌ನಲ್ಲಿದ್ದ ಹಾಗೆಯೇ ಇರುತ್ತವೆ.

ನಂಬಿಕೆ 2: ಹಾಕಿ ನೋಡಿದರೆ ಇದ್ದುದೆಲ್ಲ ಅಳಿಸಿಹೋಗುತ್ತದೆ

ಅರ್ಧ ಸತ್ಯ. ಹೆಚ್ಚಿನ ಹಂಚಿಕೆಗಳನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಬಹುದು. ಆಗ ಎಲ್ಲವೂ ರ‍್ಯಾಮ್‌ನಲ್ಲಿ ನಡೆಯುತ್ತದೆ, ಡಿಸ್ಕ್ ಅನ್ನು ನಾವಾಗಿ ಮುಟ್ಟದಿದ್ದರೆ ಅದು ಇದ್ದಂತೆಯೇ ಇರುತ್ತದೆ. ವೈ-ಫೈ, ಧ್ವನಿ, ಕ್ಯಾಮರಾ, ಮುದ್ರಕ ಇವು ನಾಲ್ಕನ್ನೂ ನಾವು ಮೊದಲು ಹೀಗೆಯೇ ಪರೀಕ್ಷಿಸುತ್ತೇವೆ. ಹೆಚ್ಚು ಕಾಡಿಸುವುದು ವೈ-ಫೈ. ಕೆಲವು ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿಯೇ ಹಾಕಬೇಕಾಗುತ್ತದೆ. ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡುವಾಗ ಮಾತ್ರ 'ಇಡೀ ಡಿಸ್ಕ್ ಅಳಿಸು' ಎಂಬ ಆಯ್ಕೆ ನಿಜಕ್ಕೂ ಎಲ್ಲವನ್ನೂ ಅಳಿಸುತ್ತದೆ. ಫೋಟೋ, ದಾಖಲೆಗಳ ಪ್ರತಿ ಬೇರೆಡೆ ಇಲ್ಲದೆ ಅಲ್ಲಿಗೆ ಕೈ ಹಾಕಬೇಡಿ.

ನಂಬಿಕೆ 3: ಲಿನಕ್ಸ್ ಹಾಕಿದರೆ ಹಳೆಯ ಯಂತ್ರ ಹೊಸದರಂತೆ ಓಡುತ್ತದೆ

ಪೂರ್ತಿ ನಿಜವಲ್ಲ. ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಕಡಿಮೆ ರ‍್ಯಾಮ್ ಬಳಸುತ್ತದೆ. ಆದರೆ ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದರೆ ಅವು ಕೇಳುವ ರ‍್ಯಾಮ್ ಯಾವ ವ್ಯವಸ್ಥೆಯಲ್ಲೂ ಕಡಿಮೆಯಾಗುವುದಿಲ್ಲ. ನಮ್ಮ ಅನುಭವದಲ್ಲಿ ಎದ್ದು ಕಂಡ ವ್ಯತ್ಯಾಸ ಬಂದದ್ದು ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ. 32-ಬಿಟ್‌ನ ತೀರ ಹಳೆಯ ಪ್ರೊಸೆಸರ್‌ಗಳನ್ನು ಬಹುತೇಕ ದೊಡ್ಡ ಹಂಚಿಕೆಗಳು ಈಗ ಕೈಬಿಟ್ಟಿವೆ.

ನಂಬಿಕೆ 4: ಲಿನಕ್ಸ್‌ನಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ

ಇದು ಹಳೆಯ ಮಾತು. ಐಬಸ್ ಎಂಬ ಸಾಧನದೊಂದಿಗೆ ಎಂ17ಎನ್ ಸೇರಿಸಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಕೀಲಿಮಣೆಗಳು ಸಿಗುತ್ತವೆ. ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ.

ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹದಂಥ ಫಾಂಟ್‌ಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದರ ಮೇಲೆ ಕನ್ನಡದ ಆಕಾರವನ್ನು ತೋರಿಸುತ್ತಿತ್ತು ಅಷ್ಟೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಇಂಗ್ಲಿಷ್ ಸಾಲಾಗಿ ಕಾಣುತ್ತದೆ. ಇದು ಲಿನಕ್ಸ್‌ನ ದೋಷವಲ್ಲ, ಮೊಬೈಲ್‌ನಲ್ಲೂ ಹೀಗೇ ಆಗುತ್ತದೆ. ಹಳೆಯ ಕಂಪ್ಯೂಟರ್ ಕೊಡುವ ಮೊದಲೇ ಇಂಥ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತನೆಯಲ್ಲಿ ಅವು ಎಡವುವುದುಂಟು.

ನಂಬಿಕೆ 5: ಆಂಡ್ರಾಯ್ಡ್ ಕೂಡ ಲಿನಕ್ಸೇ, ಹಾಗಾಗಿ ಎಲ್ಲ ಲಿನಕ್ಸ್ ತಂತ್ರಾಂಶ ಮೊಬೈಲ್‌ನಲ್ಲಿ ಓಡುತ್ತದೆ

ಆಂಡ್ರಾಯ್ಡ್‌ನ ಕರ್ನೆಲ್ ಲಿನಕ್ಸ್ ಎನ್ನುವುದು ನಿಜ. ಆದರೆ ಅದರ ಮೇಲಿನ ಪದರಗಳು ಬೇರೆ. ಜೊತೆಗೆ ಮೊಬೈಲ್‌ನ ಆರ್ಮ್ ಪ್ರೊಸೆಸರ್‌ಗೂ ಸಾಮಾನ್ಯ ಲ್ಯಾಪ್‌ಟಾಪ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗೂ ಅರ್ಥವಾಗುವ ಆದೇಶಗಳೇ ಬೇರೆ. ಆದ್ದರಿಂದ ಲ್ಯಾಪ್‌ಟಾಪ್‌ನ ತಂತ್ರಾಂಶವನ್ನು ತಂದು ನೇರ ಓಡಿಸಲಾಗದು. ಟರ್ಮಕ್ಸ್ ಎಂಬ ಆ್ಯಪ್‌ನಲ್ಲಿ ಮೊಬೈಲ್‌ಗೆಂದೇ ಸಿದ್ಧಪಡಿಸಿದ ಪೈಥಾನ್, ಗಿಟ್ ಮುಂತಾದವು ಸಿಗುತ್ತವೆ, ಕಲಿಕೆಗೆ ಅಷ್ಟು ಸಾಕು.

ಲೀನಿಯೇಜ್‌ಓಎಸ್‌ನಂಥ ವ್ಯವಸ್ಥೆಯಿಂದ ಹಳೆಯ ಮೊಬೈಲ್‌ಗೆ ಹೊಸ ಆಂಡ್ರಾಯ್ಡ್ ಹಾಕಬಹುದು. ಆದರೆ ಬೂಟ್‌ಲೋಡರ್ ಬೀಗ ತೆಗೆದಾಗ ಸಾಮಾನ್ಯವಾಗಿ ಮೊಬೈಲ್‌ನ ಮಾಹಿತಿಯೆಲ್ಲ ಅಳಿಯುತ್ತದೆ, ಕೆಲವು ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳು ಕೆಲಸ ನಿಲ್ಲಿಸುತ್ತವೆ. ನಿತ್ಯ ಹಣ ಕಳಿಸುವ ಮೊಬೈಲ್ ಮೇಲೆ ಈ ಪ್ರಯೋಗ ಬೇಡ.

ವೈರಸ್ ಮಾತೇನು?

ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ ಎನ್ನುವವರಿದ್ದಾರೆ. 2016ರಲ್ಲಿ ಹರಡಿದ ಮಿರಾಯ್ ಹಿಡಿದದ್ದು ಲಿನಕ್ಸ್ ಇದ್ದ ರೌಟರ್, ಕ್ಯಾಮರಾಗಳನ್ನೇ. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟದ್ದೇ ಅದಕ್ಕೆ ದಾರಿಯಾಯಿತು. ಯಾವ ವ್ಯವಸ್ಥೆಯೇ ಇರಲಿ, ಪರಿಷ್ಕರಣೆ ಮತ್ತು ಗಟ್ಟಿ ಪಾಸ್‌ವರ್ಡ್ ಬೇಕೇ ಬೇಕು.

ಕೊನೆಯದಾಗಿ, ಬ್ಯಾಟರಿ ಉಬ್ಬಿದ ಯಂತ್ರವನ್ನು ಯಾವ ತಂತ್ರಾಂಶವೂ ಉಳಿಸದು. ಅದನ್ನು ಚಾರ್ಜ್‌ಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಉಳಿದವಕ್ಕೆ ಒಂದು ಪೆನ್‌ಡ್ರೈವ್, ಒಂದು ಭಾನುವಾರ ಸಾಕು.