ಪ್ರೇರಿತ ಹೆರಿಗೆ: ಅಲ್ಟ್ರಾಸೌಂಡ್ ಮುನ್ಸೂಚನೆ

ನೋವು ತಾನಾಗಿ ಬರುವ ಮೊದಲೇ ಔಷಧಿಯಿಂದಲೋ ಬಲೂನ್ ಕ್ಯಾತಿಟರ್‌ನಿಂದಲೋ ನೋವು ಬರಿಸಿ ಮಾಡಿಸುವುದು ಪ್ರೇರಿತ ಹೆರಿಗೆ. ಅದು ಫಲಿಸುವುದೇ, ಸಿಸೇರಿಯನ್‌ಗೆ ತಿರುಗುವುದೇ ಎಂದು ಮೊದಲೇ ಅಂದಾಜಿಸಲು ಯೋನಿಮಾರ್ಗದ ಸ್ಕ್ಯಾನಿಂಗ್ ನೆರವಾಗುತ್ತದೆ. ಅದರಲ್ಲಿ ಮುಖ್ಯವಾಗಿ ನೋಡುವುದು ಗರ್ಭಕೊರಳಿನ ಉದ್ದವನ್ನು.

ಹಿನ್ನೆಲೆ

ಎಡ್ವರ್ಡ್ ಬಿಷಪ್ 1964ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಹೆರಿಗೆ ವಾರ್ಡುಗಳಲ್ಲಿ ಇಂದಿಗೂ ನಡೆಯುತ್ತಿದೆ. ಕೊರಳು ಎಷ್ಟು ತೆರೆದಿದೆ, ಎಷ್ಟು ಸವೆದಿದೆ, ಎಷ್ಟು ಮೆತ್ತಗಿದೆ, ಎತ್ತ ಮುಖಮಾಡಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂಬ ಐದನ್ನು ಬೆರಳಿನಿಂದ ಪರೀಕ್ಷಿಸಿ 13ಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಬಿಷಪ್ ಅದನ್ನು ರೂಪಿಸಿದ್ದು ಮೊದಲೇ ಹೆತ್ತಿದ್ದವರಿಗಾಗಿ. ಚೊಚ್ಚಲ ಬಸುರಿಗೂ ಅನ್ವಯಿಸಿದ್ದು ಅನಂತರದ ರೂಢಿ. ಕೊರಳಿನ ಸುಮಾರು ಅರ್ಧಭಾಗ ಯೋನಿಯಿಂದ ಮೇಲಿರುತ್ತದೆ. ಬಾಯಿ ಮುಚ್ಚಿರುವಾಗ ಅಲ್ಲಿಗೆ ಬೆರಳು ಮುಟ್ಟದು. ಸ್ಕ್ಯಾನಿಂಗಿನ ಅಗತ್ಯ ಹುಟ್ಟಿದ್ದು ಇಲ್ಲಿ.

ಅಳೆಯುವ ಕ್ರಮ

ಮೊದಲು ಮೂತ್ರಕೋಶ ಖಾಲಿಯಾಗಿರಬೇಕು. ತುಂಬಿದ್ದರೆ ಕೊರಳು ಇದ್ದುದಕ್ಕಿಂತ ಉದ್ದ ಕಾಣುತ್ತದೆ. ಪ್ರೋಬನ್ನು ಒತ್ತಿ ಹಿಡಿದರೂ ಇದೇ ತಪ್ಪು. ಆದ್ದರಿಂದ ಚಿತ್ರ ಮಸುಕಾಗುವವರೆಗೆ ಹಿಂದಕ್ಕೆ ಸರಿಸಿ, ಮತ್ತೆ ಸ್ಪಷ್ಟವಾಗುವಷ್ಟೇ ಮುಂದೊಯ್ಯಬೇಕು. ಒಳಬಾಯಿ, ಹೊರಬಾಯಿ, ನಡುವಿನ ನಾಳ ಮೂರೂ ಒಂದೇ ಚಿತ್ರದಲ್ಲಿ ಸಿಗಬೇಕು. ಒಳಬಾಯಿ ಆಲಿಕೆಯಂತೆ ಅಗಲಿಸಿದ್ದರೆ ಮುಚ್ಚಿದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಗರ್ಭಕೋಶದ ಕೆಳಭಾಗ ಬಿಗಿದುಕೊಂಡರೆ ಅದೂ ಕೊರಳೇ ಎಂದು ಭ್ರಮೆಯಾಗಬಹುದು. ಹಾಗಾಗಿ ಕೆಲವು ನಿಮಿಷ ಕಾದು, ಮೂರು ಸಲ ಅಳೆದು, ಅತಿ ಕಡಿಮೆಯದನ್ನು ಬರೆದುಕೊಳ್ಳುವುದು ರೂಢಿ. ಅವಸರದಲ್ಲಿ ಒಂದೇ ಸಲ ಹಿಡಿದ ಅಳತೆಗೆ ಹೆಚ್ಚು ಬೆಲೆಯಿಲ್ಲ.

ಫಲಿತಾಂಶ

ಲಂಡನ್ನಿನ ಪ್ಯಾಂಡಿಸ್ ಮತ್ತು ಸಂಗಡಿಗರು 240 ಗರ್ಭಿಣಿಯರಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೆಚ್ಚಾಗಿ ಉಲ್ಲೇಖಿಸುತ್ತಾರೆ. 28 ಮಿ.ಮೀ. ಗಡಿ ಇಟ್ಟುಕೊಂಡಾಗ, 24 ಗಂಟೆಯೊಳಗೆ ಯೋನಿಮಾರ್ಗದಲ್ಲೇ ಹೆತ್ತವರಲ್ಲಿ ಶೇ. 87 ಮಂದಿಯನ್ನು ಈ ಅಳತೆ ಮೊದಲೇ ಗುರುತಿಸಿತ್ತು. ಬಿಷಪ್ ಅಂಕ ಗುರುತಿಸಿದ್ದು ಶೇ. 58. ಆದರೆ ಮುಂದಿನ ಅಧ್ಯಯನಗಳು ಇಷ್ಟು ಒಮ್ಮತದಿಂದಿಲ್ಲ. ಕೆಲವರಿಗೆ 24 ಗಂಟೆಯೊಳಗಿನ ಹೆರಿಗೆ ಯಶಸ್ಸು, ಕೆಲವರಿಗೆ ಎಷ್ಟು ಹೊತ್ತಾದರೂ ಸಿಸೇರಿಯನ್ ತಪ್ಪಿದರೆ ಸಾಕು. ಹೀಗಿರುವಾಗ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. 2015ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಎರಡೇ ಪ್ರಯೋಗ, 234 ಮಂದಿ. ಬೆರಳಿಗಿಂತ ಸ್ಕ್ಯಾನಿಂಗ್ ಮೇಲೆಂದು ಅದು ಹೇಳಲಿಲ್ಲ.

ಇತರ ಅಳತೆಗಳು

ಕೊರಳಿನ ಹಿಂಕೋನ, ಮಗುವಿನ ಹಿಂದಲೆಯ ದಿಕ್ಕು, ತಲೆಗೂ ಪೆರಿನಿಯಮ್‌ಗೂ ಇರುವ ದೂರ, ಕೊರಳಿನ ಮೆದುತನ ತೋರುವ ಎಲಾಸ್ಟೋಗ್ರಫಿ ಇವೂ ಪರಿಶೀಲನೆಯಲ್ಲಿವೆ. ತಾಯಿಯ ಹಿಂದಿನ ಹೆರಿಗೆ, ತೂಕ, ಎತ್ತರಗಳನ್ನು ಕೂಡಿಸಿಕೊಂಡಾಗ ಅಂದಾಜು ಸುಧಾರಿಸುವ ಸಂಭವವಿದೆ. ಕೊರಳು ಉದ್ದವಿದೆ ಎಂಬ ಒಂದೇ ಕಾರಣಕ್ಕೆ ನೇರವಾಗಿ ಸಿಸೇರಿಯನ್ ಮಾಡಲು ಈಗಿರುವ ಆಧಾರ ಸಾಲದು.