ಹನ್ನೆರಡು ಗಂಟೆ ಹತ್ತು ನಿಮಿಷದ ಪರೇಡು

ಸೈನ್ಯದಿಂದ ನಿವೃತ್ತರಾಗಿ ಬಂದ ನನ್ನ ಚಿಕ್ಕಪ್ಪ ಮನೆಯಲ್ಲಿ ಮಾತಾಡುತ್ತಿದ್ದುದೇ ಕಡಿಮೆ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದರು. ಡಾಕ್ಟರ ಹತ್ತಿರ ಕರೆದೊಯ್ದರೆ ‘ನನಗೇನಾಗಿದೆ?’ ಎಂಬುದಷ್ಟೇ ಅವರ ಉತ್ತರ. ತಿಂಗಳಿಗೊಮ್ಮೆ ಮಿಲಿಟರಿ ಕ್ಯಾಂಟೀನಿಗೆ ಹೋದ ದಿನ ಮಾತ್ರ ಸಂಜೆ ಹಗುರಾಗಿ ಮರಳುತ್ತಿದ್ದರು. ಹಳೆಯ ಸೈನಿಕರ ಆ ಕ್ಯೂನಲ್ಲಿ ಅಂಥದ್ದೇನಿತ್ತು? ವಿಲ್‌ಫ್ರೆಡ್ ಬಿಯಾನ್ ಬಗ್ಗೆ ಓದುವಾಗ ನನಗೆ ಈ ಪ್ರಶ್ನೆ ಮತ್ತೆ ಎದುರಾಯಿತು.

ಬಿಯಾನ್ ಹುಟ್ಟಿದ್ದು 1897ರಲ್ಲಿ, ನಮ್ಮ ಮಥುರೆಯಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಇಂಜಿನಿಯರ್. ಎಂಟನೇ ವಯಸ್ಸಿಗೆ ಅವನನ್ನು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ದಳ ಸೇರಿದ. 1917ರ ನವೆಂಬರಿನಲ್ಲಿ ಕಾಂಬ್ರೇ ಕದನದಲ್ಲಿ ತೋರಿದ ಧೈರ್ಯಕ್ಕೆ ಡಿ.ಎಸ್.ಒ. ಪದಕ ಬಂತು. ಆಗಿನ್ನೂ ಅವನಿಗೆ ಇಪ್ಪತ್ತು ವರ್ಷ.

1918ರ ಆಗಸ್ಟ್ 8ರಂದು, ಅಮಿಯೆನ್ಸ್ ಬಳಿ, ಅವನ ಪಕ್ಕದಲ್ಲೇ ಇದ್ದ ಸಂದೇಶವಾಹಕ ಹುಡುಗನಿಗೆ ಶೆಲ್ ಬಡಿಯಿತು. ನನ್ನ ತಾಯಿಗೆ ಪತ್ರ ಬರೆಯುತ್ತೀರಲ್ಲವೇ ಎಂದು ಆ ಹುಡುಗ ಸಾಯುವ ಮುನ್ನ ಕೇಳುತ್ತಲೇ ಇದ್ದ. ಬಿಯಾನ್‌ಗೆ ಯುದ್ಧಕಾಲದಲ್ಲಿ ತನ್ನ ಹೆತ್ತವರಿಗೇ ಕಂಡದ್ದನ್ನು ಬರೆಯಲಾಗಿರಲಿಲ್ಲ. ಬರೆಯದ ಆ ಪತ್ರಗಳ ಬದಲಿಗೆ, ಯುದ್ಧ ಮುಗಿದ ಮೇಲೆ ಅವರಿಗಾಗಿ ಒಂದು ದಿನಚರಿ ಬರೆದುಕೊಟ್ಟ.

ಆಮೇಲೆ ಇತಿಹಾಸ ಓದಿ, ವೈದ್ಯನಾಗಿ, ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋಚಿಕಿತ್ಸಕನಾದ. ಎರಡನೇ ಮಹಾಯುದ್ಧ ಬಂದಾಗ ಸೇನೆ ಅವನನ್ನು ಮತ್ತೆ ಕರೆಯಿತು, ಈ ಸಲ ವೈದ್ಯನಾಗಿ. 1942-43ರ ಚಳಿಗಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯ ತರಬೇತಿ ವಿಭಾಗ ಅವನ ಕೈಗೆ ಬಂತು. ಆತಂಕ, ಖಿನ್ನತೆಗಳಿಂದ ಕುಸಿದ ಸೈನಿಕರು ಅಲ್ಲಿದ್ದರು.

ಒಬ್ಬೊಬ್ಬರನ್ನೇ ಕೂರಿಸಿ ಸಮಾಧಾನ ಹೇಳುವ ದಾರಿಯನ್ನು ಅವನು ಹಿಡಿಯಲಿಲ್ಲ. ರಣರಂಗದಲ್ಲಿ ತುಕಡಿಯನ್ನು ಒಂದಾಗಿ ಹಿಡಿದಿಡುವುದು ಎದುರಿಗಿರುವ ಶತ್ರು. ಇಲ್ಲಿಯ ಶತ್ರು ಮನೋರೋಗ. ಅದು ಎಲ್ಲರ ಸಮಸ್ಯೆ, ಎಲ್ಲರೂ ಕೂಡಿಯೇ ಅದನ್ನು ನೋಡಬೇಕು ಎಂದ. ಪ್ರತಿಯೊಬ್ಬನೂ ದಿನಕ್ಕೊಂದು ಗಂಟೆ ವ್ಯಾಯಾಮ ಮಾಡಬೇಕು; ಮರಗೆಲಸವೋ ನಕ್ಷೆ ಓದುವುದೋ, ಯಾವುದಾದರೂ ಗುಂಪಿಗೆ ಸೇರಬೇಕು; ಬೇಕಾದ ಗುಂಪಿಲ್ಲದಿದ್ದರೆ ತಾನೇ ಕಟ್ಟಬಹುದು; ಆಗದವನು ವಿಶ್ರಾಂತಿ ಕೋಣೆಯಲ್ಲಿ ಮಲಗಿರಬಹುದು. ದಿನಾ 12.10ಕ್ಕೆ ಅರ್ಧ ಗಂಟೆ ಪರೇಡು. ಹೆಸರಿಗೆ ಪರೇಡಾದರೂ ಅದು ತಮ್ಮ ವಿಭಾಗವನ್ನು ತಾವೇ ಹೊರಗೆ ನಿಂತು ನೋಡುವ ಹೊತ್ತು.

ಕೆಲವೇ ದಿನಗಳಲ್ಲಿ ದೂರು ಬಂತು: ವಾರ್ಡುಗಳು ಕೊಳಕಾಗಿವೆ, ಕೆಲಸ ಮಾಡುವವರು ನಾಲ್ಕು ಜನ, ಮೈಗಳ್ಳರೇ ಹೆಚ್ಚು, ಅವರನ್ನು ಶಿಕ್ಷಿಸಿ. ಬಿಯಾನ್ ಒಪ್ಪಲಿಲ್ಲ. ಈ ಮೈಗಳ್ಳತನವೂ ರೋಗದ ಭಾಗವಾಗಿದ್ದರೆ ಶಿಕ್ಷೆಯಿಂದ ಅದು ವಾಸಿಯಾಗುತ್ತದೆಯೇ? ಪ್ರಶ್ನೆಯನ್ನು ಅವರಿಗೇ ಮರಳಿಸಿದ. ನಿಧಾನವಾಗಿ ಅವರೇ ಸ್ವಚ್ಛತೆಗೆ ಗುಂಪು ಕಟ್ಟಿಕೊಂಡರು.

ಆರು ವಾರಕ್ಕೆ ಪ್ರಯೋಗವನ್ನು ನಿಲ್ಲಿಸಲಾಯಿತು. ಬಿಯಾನ್ ಮತ್ತು ಜೊತೆಗಾರ ಜಾನ್ ರಿಕ್‌ಮನ್ 1943ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ವರದಿ ಬರೆದರು. ನಾರ್ತ್‌ಫೀಲ್ಡ್‌ನಲ್ಲಿ ಆ ಕೆಲಸವನ್ನು ಬೇರೆಯವರು ಮುಂದುವರಿಸಿದರು. ಇಂದಿನ ಗುಂಪು ಚಿಕಿತ್ಸೆಯ ಒಂದು ಬೇರು ಅಲ್ಲಿದೆ.

ಆದರೆ ವೈದ್ಯನ ಗಾಯ? 1958ರಲ್ಲಿ ಅವನು ಅಮಿಯೆನ್ಸ್‌ನ ಕಥೆಯನ್ನು ಮತ್ತೆ ಬರೆಯಲು ಕುಳಿತ. ಅದು ಅಪೂರ್ಣವಾಗಿಯೇ ಉಳಿಯಿತು. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲೂ ಆ ಹುಡುಗ ಬರುತ್ತಾನೆ. ತಾನು ಪೂರ್ತಿ ವಾಸಿಯಾದವನೆಂದು ಬಿಯಾನ್ ಇತರರಿಗೆ ದಾರಿ ತೋರಿಸಲಿಲ್ಲ. 1979ರಲ್ಲಿ, ಭಾರತಕ್ಕೆ ಮರಳುವ ಸಿದ್ಧತೆಯಲ್ಲಿದ್ದಾಗಲೇ ತೀರಿಕೊಂಡ. ಎಂಟನೇ ವಯಸ್ಸಿನಲ್ಲಿ ಬಿಟ್ಟ ನೆಲವನ್ನು ಮತ್ತೆ ಮುಟ್ಟಲಿಲ್ಲ.

ಚಿಕ್ಕಪ್ಪನನ್ನು ನಾವೆಲ್ಲ ‘ಮಾತಾಡಿ, ಮಾತಾಡಿ’ ಎಂದು ಪೀಡಿಸುತ್ತಿದ್ದೆವು. ಅವರಿಗೆ ಬೇಕಿದ್ದದ್ದು ಕೇಳುವ ನಾವಲ್ಲ, ಬಿಡಿಸಿ ಹೇಳಬೇಕಾಗಿಲ್ಲದ ಜೊತೆ. ಆ ಕ್ಯೂನಲ್ಲಿ ಅದು ಸಿಗುತ್ತಿತ್ತು. ತಿಂಗಳಿಗೆ ಒಂದೇ ದಿನ, ಅಷ್ಟೆ.