ಆಹ್ವಾನಿತ ಟೂರ್ನಿಯ ಗೆಲುವನ್ನು ಅಳೆಯುವ ಬಗೆ: ಲಾಲ್‌ಕುದಿಯಾ, 2018

2018ರ ಆಗಸ್ಟ್ ಮೊದಲ ವಾರ ಸ್ಪೇನ್‌ನ ಲಾಲ್‌ಕುದಿಯಾ ಟೂರ್ನಿಯಲ್ಲಿ ಭಾರತದ 20 ವರ್ಷದೊಳಗಿನವರ ಫುಟ್‌ಬಾಲ್ ತಂಡವು ಅದೇ ವಯೋಮಾನದ ಅರ್ಜೆಂಟೀನಾ ತಂಡವನ್ನು 2–1ರಿಂದ ಸೋಲಿಸಿತು. ಈ ವಯೋಮಾನದ ವಿಶ್ವಕಪ್ಪನ್ನು ಆರು ಸಲ ಗೆದ್ದ ದೇಶವದು. ಗೆಲುವನ್ನು ಕೆಲವರು ಚರಿತ್ರೆ ಎಂದು ಕೊಂಡಾಡಿದರು, ಕೆಲವರು ಸ್ನೇಹಪಂದ್ಯವೆಂದು ಬದಿಗಿಟ್ಟರು. ನನ್ನ ದೃಷ್ಟಿಯಲ್ಲಿ ಎರಡು ತೀರ್ಮಾನಗಳೂ ಆತುರದವು. ಆ ಪಂದ್ಯದ ಬೆಲೆ ತಿಳಿಯಬೇಕಾದರೆ ಅದು ಎಂಥ ಟೂರ್ನಿ, ಅಲ್ಲಿಗೆ ಯಾರು ಯಾಕೆ ಬರುತ್ತಾರೆ, ಬಂದುಹೋದ ಮೇಲೆ ಏನು ಮಾಡುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಲಾಲ್‌ಕುದಿಯಾ ವೆಲೆನ್ಸಿಯಾ ನಗರದ ದಕ್ಷಿಣಕ್ಕಿರುವ ಚಿಕ್ಕ ಪಟ್ಟಣ. ಹೂಕರ್ ನದಿಯ ಬಯಲು, ಕಿತ್ತಳೆ ಮತ್ತು ಪರ್ಸಿಮನ್ ತೋಟಗಳ ಸೀಮೆ. ಇಲ್ಲಿ 1984ರಿಂದ ಬೇಸಿಗೆಯಲ್ಲಿ, ಯುರೋಪಿನ ಲೀಗ್‌ಗಳು ಶುರುವಾಗುವ ಮುನ್ನ, ಯುವ ತಂಡಗಳ ಅಂತರರಾಷ್ಟ್ರೀಯ ಟೂರ್ನಿ ನಡೆಯುತ್ತ ಬಂದಿದೆ. ಸಂಘಟನಾ ಸಮಿತಿಯ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ 'ಕೋಟಿಫ್' ಎಂಬ ಹೆಸರೂ ಇದೆ. ಅರ್ಹತಾ ಸುತ್ತು ಎಂಬುದಿಲ್ಲ. ಸಂಘಟಕರು ಕರೆದವರು ಬರುತ್ತಾರೆ. ಕರೆಯುವಾಗ ದೇಶ, ಕ್ಲಬ್ ಎಂಬ ಭೇದವಿಲ್ಲ: ಸ್ಪೇನ್‌ನ ಕ್ಲಬ್ಬುಗಳ ಯುವ ತಂಡಗಳೂ ದೂರದೇಶಗಳ ರಾಷ್ಟ್ರೀಯ ಯುವ ತಂಡಗಳೂ ಒಂದೇ ಗುಂಪಿನಲ್ಲಿ ಆಡುತ್ತವೆ. ಫ್ರಾನ್ಸ್‌ನ ತುಲೋನ್ ಟೂರ್ನಿ 1967ರಲ್ಲಿ ಕ್ಲಬ್ಬುಗಳಿಂದ ಆರಂಭವಾಗಿ, 1970ರ ದಶಕದಲ್ಲೇ ರಾಷ್ಟ್ರೀಯ ತಂಡಗಳ ಟೂರ್ನಿಯಾಗಿ ಬದಲಾಯಿತು. ಲಾಲ್‌ಕುದಿಯಾ ಮಾತ್ರ ಬೆರಕೆಯನ್ನು ಬಿಡಲಿಲ್ಲ. ಅದರ ಅಸಲು ಗುಣ ಈ ಬೆರಕೆಯಲ್ಲೇ ಇದೆ ಎಂದು ನನಗೆ ತೋರುತ್ತದೆ. ಒಂದು ದೇಶದ ಆಯ್ದ ಹುಡುಗರು ವರ್ಷವಿಡೀ ಜೊತೆಗೇ ಪಳಗಿದ ಕ್ಲಬ್ ಹುಡುಗರ ಎದುರು ನಿಂತಾಗ ಕಾಣುವ ಕೊರತೆಗಳು ಬೇರೆ, ಇನ್ನೊಂದು ದೇಶದ ಎದುರು ಕಾಣುವ ಕೊರತೆಗಳು ಬೇರೆ. ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಿಕೊಳ್ಳುವ ಅವಕಾಶ ತರಬೇತುದಾರನಿಗೆ ಸುಲಭವಾಗಿ ಸಿಗುವುದಿಲ್ಲ.

ಭಾರತಕ್ಕೆ ಈ ಆಹ್ವಾನ ಏಕೆ ಅಷ್ಟು ಮುಖ್ಯವಾಗಿತ್ತು? 2018ರ ಏಷ್ಯಾ 19 ವರ್ಷದೊಳಗಿನವರ ಟೂರ್ನಿಯ ಅಂತಿಮ ಸುತ್ತಿಗೆ ಭಾರತ ಅರ್ಹತೆ ಪಡೆದಿರಲಿಲ್ಲ. ಅರ್ಹತೆ ತಪ್ಪಿದ ಯುವ ತಂಡಕ್ಕೆ ಮುಂದಿನ ಆವೃತ್ತಿಯವರೆಗೆ ಏಷ್ಯಾ ಮಟ್ಟದ ಅಧಿಕೃತ ಪಂದ್ಯವೇ ಇರುವುದಿಲ್ಲ, ಅಷ್ಟರಲ್ಲಿ ಹುಡುಗರು ವಯಸ್ಸಿನ ಮಿತಿ ದಾಟಿರುತ್ತಾರೆ. ಅಂಥವರ ಪಾಲಿಗೆ ಹೊರಗಿನ ಗಟ್ಟಿ ಎದುರಾಳಿ ಸಿಗುವ ದಾರಿ ಆಹ್ವಾನವೊಂದೇ.

ತಂಡದ ಬೆನ್ನೆಲುಬು 2017ರಲ್ಲಿ ಭಾರತವೇ ಆತಿಥ್ಯ ವಹಿಸಿದ್ದ 17 ವರ್ಷದೊಳಗಿನವರ ವಿಶ್ವಕಪ್‌ನ ಪೀಳಿಗೆ. ಆ ವಿಶ್ವಕಪ್‌ನಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್‌ಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆಕೊಟ್ಟು ಕೊಲಂಬಿಯಾ ವಿರುದ್ಧ ಗೋಲು ಗಳಿಸಿದ್ದರು. ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು ಅದು. ವಿಶ್ವಕಪ್ ಮುಗಿದೊಡನೆ ಈ ಹುಡುಗರು ಚದುರಿಹೋಗದಂತೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 'ಇಂಡಿಯನ್ ಆ್ಯರೋಸ್' ತಂಡವನ್ನು ಮತ್ತೆ ಕಟ್ಟಿತು. 2017–18ರ ಐ-ಲೀಗ್‌ನಲ್ಲಿ ವಿದೇಶಿ ಆಟಗಾರರಿದ್ದ ಹಿರಿಯ ಕ್ಲಬ್ಬುಗಳ ಎದುರು ಅವರು ಇಡೀ ಋತು ಆಡಿದರು. ಕೊನೆಯ ಸ್ಥಾನಕ್ಕಿಳಿದರೂ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಸ್ಪೇನ್‌ಗೆ ಹೋದ ತಂಡದ ಹಿಂದೆ ಈ ಪೆಟ್ಟು ತಿಂದ ಅನುಭವವಿತ್ತು.

ಫ್ಲಾಯ್ಡ್ ಪಿಂಟೊ ತರಬೇತಿಯ ಭಾರತಕ್ಕೆ ಗುಂಪಿನಲ್ಲಿ ನಾಲ್ಕು ಪಂದ್ಯಗಳು. ಸ್ಪೇನ್‌ನ ಮುರ್ಸಿಯಾ ಎದುರು 0–2, ಮಾರಿಟೇನಿಯಾ ಎದುರು 0–3 ಸೋಲು. ಹಿಂದಿನ ವರ್ಷವಷ್ಟೇ 20 ವರ್ಷದೊಳಗಿನವರ ವಿಶ್ವಕಪ್ ಫೈನಲ್ ಆಡಿದ್ದ ವೆನೆಜುವೆಲಾದ ಎದುರು ಗೋಲುರಹಿತ ಡ್ರಾ. ಕೊನೆಗೆ ಅರ್ಜೆಂಟೀನಾ. ನಾಲ್ಕನೇ ನಿಮಿಷದಲ್ಲೇ ಕಾರ್ನರ್‌ನಿಂದ ಬಂದ ಚೆಂಡಿಗೆ ದೀಪಕ್ ತಂಗ್ರಿ ತಲೆಕೊಟ್ಟು ಗೋಲು ಗಳಿಸಿದರು. ದ್ವಿತೀಯಾರ್ಧದಲ್ಲಿ ಅನಿಕೇತ್ ಜಾಧವ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಭಾರತ ಹತ್ತೇ ಜನರೊಂದಿಗೆ ಆಡಬೇಕಾಯಿತು. 68ನೇ ನಿಮಿಷದಲ್ಲಿ, ಇನ್ನೂ 18 ತುಂಬದ ಅನ್ವರ್ ಅಲಿ ಫ್ರೀ ಕಿಕ್‌ನಿಂದ ಎರಡನೆಯ ಗೋಲು ಹೊಡೆದರು. ಅರ್ಜೆಂಟೀನಾ ಒಂದನ್ನು ತೀರಿಸಿತು, ಅಷ್ಟೇ.

ಎರಡು ಗೋಲುಗಳೂ ನಿಂತ ಚೆಂಡಿನಿಂದ ಬಂದವು ಎಂಬುದನ್ನು ಗಮನಿಸಬೇಕು. ಚೆಂಡಿನ ಮೇಲೆ ಹೆಚ್ಚು ಹೊತ್ತು ಹಿಡಿತವಿಲ್ಲದ ತಂಡ ಬಲಿಷ್ಠರನ್ನು ಗೆಲ್ಲುವ ಹಳೆಯ, ನ್ಯಾಯವಾದ ದಾರಿಯಿದು. ಮೂರು ಪಂದ್ಯಗಳಲ್ಲಿ ಒಂದೂ ಗೋಲು ಕಾಣದ ತಂಡಕ್ಕೆ ಬೇರೆ ದಾರಿಯೂ ಇರಲಿಲ್ಲ. ಕ್ರಮವನ್ನೂ ನೋಡಿ: ಎರಡು ಸೋಲು, ಡ್ರಾ, ಗೆಲುವು. ಒಂದೇ ಪ್ರವಾಸದೊಳಗೆ ತಂಡ ಕಲಿತದ್ದರ ಗುರುತು ಈ ಸರಣಿಯಲ್ಲಿ ಸಿಗುತ್ತದೆ. ಕೊನೆಯ ಪಂದ್ಯವನ್ನಷ್ಟೇ ಎತ್ತಿ ಹಿಡಿದರೆ ಆ ಗುರುತು ಅಳಿಸಿಹೋಗುತ್ತದೆ.

ಆ ದಿನಗಳಲ್ಲಿ ಅರ್ಜೆಂಟೀನಾ ಪಾಳಯದ ಸ್ಥಿತಿಯೂ ವಿಶೇಷವಾಗಿತ್ತು. ರಷ್ಯಾ ವಿಶ್ವಕಪ್‌ನಲ್ಲಿ ಫ್ರಾನ್ಸ್‌ಗೆ 3–4ರಿಂದ ಸೋತು ಹಿರಿಯರ ತಂಡ ಮನೆಗೆ ಮರಳಿತ್ತು, ಕೋಚ್ ಸಂಪೌಲಿ ನಿರ್ಗಮಿಸಿದ್ದರು. ಲಾಲ್‌ಕುದಿಯಾದಲ್ಲಿ ಯುವ ತಂಡವನ್ನು ನಡೆಸುತ್ತಿದ್ದವರು ಲಯೊನೆಲ್ ಸ್ಕಲೋನಿ, ಜೊತೆಗೆ ಪಾಬ್ಲೊ ಐಮಾರ್. ಆ ಟೂರ್ನಿಯ ಹೊತ್ತಿಗೇ ಹಿರಿಯರ ತಂಡದ ಹಂಗಾಮಿ ಹೊಣೆ ಅವರ ಹೆಗಲೇರಿತು. ಭಾರತಕ್ಕೆ ಸೋತರೂ ಅರ್ಜೆಂಟೀನಾ ಆ ವರ್ಷ ಟೂರ್ನಿಯನ್ನೇ ಗೆದ್ದಿತು. ಸ್ಕಲೋನಿ 2021ರಲ್ಲಿ ಕೋಪಾ ಅಮೆರಿಕವನ್ನೂ 2022ರಲ್ಲಿ ಕತಾರ್‌ನಲ್ಲಿ ವಿಶ್ವಕಪ್ಪನ್ನೂ ತಂದುಕೊಟ್ಟರು.

ಇಲ್ಲಿ ಇನ್ನೊಂದು ಆಹ್ವಾನಿತ ಟೂರ್ನಿಯನ್ನು ನೆನೆಯಬೇಕು. 1984ರ ಜನವರಿಯಲ್ಲಿ ಕಲ್ಕತ್ತಾದ ನೆಹರು ಕಪ್‌ಗೆ ಕಾರ್ಲೋಸ್ ಬಿಲಾರ್ಡೊ ತಮ್ಮ ಅರ್ಜೆಂಟೀನಾ ತಂಡವನ್ನು ಕರೆತಂದಿದ್ದರು. ಆಗ ಭಾರತ ಸೋತದ್ದು 0–1ರಿಂದ ಮಾತ್ರ. ಎರಡೂವರೆ ವರ್ಷದೊಳಗೆ ಬಿಲಾರ್ಡೊ ಮೆಕ್ಸಿಕೊದಲ್ಲಿ ವಿಶ್ವಕಪ್ ಗೆದ್ದರು. ಎರಡು ಉದಾಹರಣೆಗಳಿಂದ ನಿಯಮ ಹುಟ್ಟುವುದಿಲ್ಲ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಅರ್ಜೆಂಟೀನಾದಂಥ ದೇಶ ಇಂಥ ಟೂರ್ನಿಗಳನ್ನು ಕಟ್ಟುವ ಕೆಲಸಕ್ಕೆ ಬಳಸುತ್ತದೆ, ನಡುವೆ ಬಂದ ಒಂದು ಸೋಲು ಆ ಕೆಲಸವನ್ನು ಕೆಡಿಸುವುದಿಲ್ಲ.

ನಾವು ಸಾಕಷ್ಟು ಚರ್ಚಿಸದೆ ಬಿಟ್ಟದ್ದು ಮಾರಿಟೇನಿಯಾ ಪಂದ್ಯವನ್ನು. ಅದೇ ವರ್ಷ ನವೆಂಬರ್‌ನಲ್ಲಿ ಆ ಮರುಭೂಮಿ ದೇಶದ ಹಿರಿಯರ ತಂಡ ಮೊತ್ತಮೊದಲ ಬಾರಿಗೆ ಆಫ್ರಿಕಾ ನೇಷನ್ಸ್ ಕಪ್‌ಗೆ ಅರ್ಹತೆ ಗಳಿಸಿತು. ಭಾರತದ ಬಹುತೇಕ ರಾಜ್ಯಗಳಿಗಿಂತಲೂ ಕಡಿಮೆ ಜನರಿರುವ ದೇಶ ಹೇಗೆ ಮೇಲೆ ಬಂತು ಎಂಬ ಪ್ರಶ್ನೆಗೆ ಆ 0–3 ಒಂದು ಸುಳಿವಾಗಿತ್ತು. ನಮ್ಮ ಫುಟ್‌ಬಾಲ್ ಬರವಣಿಗೆ ಅದನ್ನು ಹಿಡಿಯಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ಟೂರ್ನಿಯ ಮಹಿಳೆಯರ ವಿಭಾಗದ ಚಿತ್ರ ಬೇರೆ. 2018 ಮತ್ತು 2019ರಲ್ಲಿ ಮಾಯ್ಮೋಲ್ ರಾಕಿ ಮಾರ್ಗದರ್ಶನದಲ್ಲಿ ಅಲ್ಲಿಗೆ ಹೋದದ್ದು ಭಾರತದ ಹಿರಿಯ ವನಿತೆಯರ ತಂಡವೇ. ಅವರು ಸ್ಪೇನ್‌ನ ಕ್ಲಬ್ಬುಗಳ ಎದುರೂ ಆಡಿದರು. 2019ರಲ್ಲಿ ಬೊಲಿವಿಯಾವನ್ನು 3–1ರಿಂದ ಸೋಲಿಸಿದರು. ಹುಡುಗರಿಗೆ ಕಲಿಕೆಯ ಕಣವಾದ ಟೂರ್ನಿಯೇ ನಮ್ಮ ಹಿರಿಯ ಆಟಗಾರ್ತಿಯರಿಗೆ ಆ ವರ್ಷಗಳ ದೊಡ್ಡ ವಿದೇಶಿ ಅವಕಾಶಗಳಲ್ಲಿ ಒಂದಾಗಿತ್ತು. ಆದರೂ ಆ ಗೆಲುವಿಗೆ ಹುಡುಗರ ಗೆಲುವಿನ ಒಂದಂಶ ಪ್ರಚಾರವೂ ಸಿಗಲಿಲ್ಲ.

2018ರ ತಂಡದವರ ಮುಂದಿನ ಹಾದಿ ಒಂದೇ ತೆರನಾಗಿರಲಿಲ್ಲ. ಅನ್ವರ್ ಅಲಿಗೆ 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟಕ್ಕೆ ತಡೆ ಬಿತ್ತು. ವಿಷಯ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಅವರು ಮರಳಿ ಬಂದು, 2022ರಲ್ಲಿ ಹಿರಿಯರ ತಂಡ ಸೇರಿ, ಅದೇ ವರ್ಷದ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಹಾಂಗ್‌ಕಾಂಗ್ ವಿರುದ್ಧ ಗೋಲನ್ನೂ ಗಳಿಸಿದರು. ಆ ಪೀಳಿಗೆಯನ್ನು ವರ್ಷವಿಡೀ ಒಟ್ಟಿಗೆ ಆಡಿಸಿದ್ದ ಇಂಡಿಯನ್ ಆ್ಯರೋಸ್ ತಂಡವನ್ನು ಫೆಡರೇಷನ್ ಅದೇ 2022ರಲ್ಲಿ ಮುಚ್ಚಿತು. ಲಾಲ್‌ಕುದಿಯಾದ ಗೆಲುವಿನ ಹಿಂದೆ ಐ-ಲೀಗ್‌ನ ಒಂದು ಇಡೀ ಋತುವಿನ ಆಟವಿತ್ತು. ನಂತರ ಬಂದ ಹುಡುಗರಿಗೆ ಹಾಗೆ ಹಿರಿಯ ಕ್ಲಬ್ಬುಗಳ ಎದುರು ಒಂದೇ ತಂಡವಾಗಿ ಆಡುವ ಏರ್ಪಾಡು ಉಳಿಯಲಿಲ್ಲ.